ವಿಲ್ಸನ್ ಕಾಣದ ತಾಮ್ರ

ಪುಣೆಯ ನಮ್ಮ ಲ್ಯಾಬ್‌ಗೆ ಬರುವ ಲಿವರ್ ಚೂರುಗಳಲ್ಲಿ ತಾಮ್ರ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸಗಳಲ್ಲೊಂದು. ಜೊತೆಗೆ ಬರುವ ಚೀಟಿಯಲ್ಲಿ ಹೆಚ್ಚಾಗಿ ಒಂದೇ ಶಂಕೆ: ವಿಲ್ಸನ್ ಕಾಯಿಲೆ. ಆ ವಿಲ್ಸನ್ ಯಾರೆಂದು ನಾನು ಓದಿಕೊಂಡದ್ದು ಮಾತ್ರ ಬಹಳ ತಡವಾಗಿ.

ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್ ಹುಟ್ಟಿದ್ದು 1878ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ತಂದೆ ಐರ್ಲೆಂಡ್ ಮೂಲದ ಪಾದ್ರಿ. ಮಗ ಕೂಸಾಗಿದ್ದಾಗಲೇ ತೀರಿಕೊಂಡರು. ಕುಟುಂಬ ಎಡಿನ್‌ಬರೊಗೆ ಬಂತು. ವಿಲ್ಸನ್ ಅಲ್ಲಿ ವೈದ್ಯಕೀಯ ಓದಿ, ಪ್ಯಾರಿಸ್‌ನಲ್ಲಿ ಪಳಗಿ, ಲಂಡನ್ನಿನ ಕ್ವೀನ್ ಸ್ಕ್ವೇರ್ ನರರೋಗ ಆಸ್ಪತ್ರೆ ಸೇರಿದರು. ಊರೂರು ದಾಟಿ ಕೆಲಸ ಹಿಡಿಯುವ ಕಥೆ ನಮಗೇನೂ ಹೊಸದಲ್ಲ ಬಿಡಿ.

ಅಲ್ಲಿ ಅವರನ್ನು ಕಾಡಿದ್ದು ಎಳೆ ಹರೆಯದ ಕೆಲವು ರೋಗಿಗಳು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ಮೈ ಮರಗಟ್ಟುತ್ತಿತ್ತು. ಕೆಲವು ಮನೆಗಳಲ್ಲಿ ಒಡಹುಟ್ಟಿದವರಿಗೂ ಅದೇ ಪಾಡು. ಸತ್ತ ಮೇಲೆ ಪರೀಕ್ಷಿಸಿದರೆ ಮಿದುಳಿನ ಆಳದ ಭಾಗ ಹಾಳಾಗಿತ್ತು. ಜೊತೆಗೆ ಲಿವರ್ ಗಂಟುಗಂಟಾಗಿ ಗಟ್ಟಿಯಾಗಿತ್ತು. ಬದುಕಿದ್ದಾಗ ಲಿವರ್ ಕೆಟ್ಟ ಸುಳಿವೇ ಸಿಕ್ಕಿರಲಿಲ್ಲ. 1912ರಲ್ಲಿ ‘ಬ್ರೈನ್’ ಪತ್ರಿಕೆಯಲ್ಲಿ ಇನ್ನೂರು ಪುಟ ಮೀರಿದ ಲೇಖನ ಬರೆದು ಈ ಎರಡಕ್ಕೂ ನಂಟು ಕಟ್ಟಿದರು. ಯಾವುದೋ ವಿಷ ಇದಕ್ಕೆ ಕಾರಣ ಎಂದು ಊಹಿಸಿದರು. ಅದು ತಾಮ್ರ ಎಂದು ಗುರುತಿಸಲಿಲ್ಲ. ಮನೆಮಂದಿಯಲ್ಲಿ ಕಾಣಿಸಿಕೊಂಡರೂ ಇದು ವಂಶಪಾರಂಪರ್ಯವಲ್ಲ ಎಂದೇ ನಂಬಿದರು. ಅಷ್ಟು ಹತ್ತಿರ ಹೋಗಿ ತಪ್ಪಿದ್ದು ನನಗಂತೂ ಅವರ ಮೇಲಿನ ಗೌರವ ಕಡಿಮೆ ಮಾಡಿಲ್ಲ. ಅವರು 1937ರಲ್ಲಿ ತೀರಿಕೊಂಡರು.

1948ರಲ್ಲಿ ಕಮಿಂಗ್ಸ್ ಇಂಥ ರೋಗಿಗಳ ಲಿವರ್, ಮಿದುಳು ಎರಡರಲ್ಲೂ ತಾಮ್ರ ಅಳೆದು, ಅದು ವಿಪರೀತ ಇರುವುದನ್ನು ತೋರಿಸಿದರು. 1956ರಲ್ಲಿ ವಾಲ್ಶ್ ಅದನ್ನು ಮೂತ್ರದ ಮೂಲಕ ಹೊರಹಾಕುವ ಪೆನಿಸಿಲಮೈನ್ ಮಾತ್ರೆ ತಂದರು. ಕೆಟ್ಟ ಜೀನ್ ಪತ್ತೆಯಾದದ್ದು 1993ರಲ್ಲಿ.

ನಾವು ಮಾಡುವುದಿಷ್ಟೇ: ಸೂಜಿಯಲ್ಲಿ ತೆಗೆದ ಎಳೆಯಷ್ಟು ಲಿವರನ್ನು ತಾಮ್ರದ ಸೋಂಕಿಲ್ಲದ ಸೀಸೆಯಲ್ಲಿ ತರಿಸಿ, ಒಣಗಿಸಿ, ತೂಗಿ, ಆಸಿಡ್‌ನಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತೇವೆ. ಒಣಗಿದ ಒಂದು ಗ್ರಾಂನಲ್ಲಿ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ. 250 ದಾಟಿದರೆ ಶಂಕೆ ಬಲವಾಗುತ್ತದೆ. ಪಿತ್ತ ಕಟ್ಟಿಕೊಂಡ ಬೇರೆ ಕಾಯಿಲೆಗಳಲ್ಲೂ ಅಂಕಿ ಏರಬಹುದು. ತಾಮ್ರ ಲಿವರಿನ ಎಲ್ಲ ಕಡೆ ಸಮನಾಗಿ ಕೂರುವುದೂ ಇಲ್ಲ. ಹಾಗಾಗಿ ಚೂರೊಂದನ್ನೇ ನಂಬದೆ ರಕ್ತ, 24 ಗಂಟೆಯ ಮೂತ್ರ, ಕಣ್ಣು, ಜೀನ್ ಎಲ್ಲವನ್ನೂ ನೋಡುತ್ತಾರೆ.

ಒಂದು ಮಗುವಿಗೆ ಇದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವನಿಗೆ ಕೊಟ್ಟು ಮದುವೆ ಮಾಡುವ ನಮ್ಮ ಕಡೆಯ ಮನೆಗಳು ಇದನ್ನು ತಿಳಿದಿರಬೇಕು. ಲಕ್ಷಣ ಕಾಣುವ ಮುಂಚೆಯೇ ಮಾತ್ರೆ ಶುರುವಾದರೆ ಆ ಮಕ್ಕಳು ಎಲ್ಲರಂತೆ ಬಾಳಬಹುದು. ಅದಕ್ಕೇ ದೊಡ್ಡ ಅಂಕಿ ಬಂದ ದಿನ ನಾನು ರಿಪೋರ್ಟ್ ಕಳಿಸಿ ಸುಮ್ಮನಾಗುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಆ ಮನೆಯಲ್ಲಿ ಇನ್ನೆಷ್ಟು ಮಕ್ಕಳಿದ್ದಾರೆ ಎಂದು ಕೇಳುತ್ತೇನೆ.