ನೆವಿಲ್ ಮಾಟ್

ಸರ್ ನೆವಿಲ್ ಫ್ರಾನ್ಸಿಸ್ ಮಾಟ್ (30 ಸೆಪ್ಟೆಂಬರ್ 1905 – 8 ಆಗಸ್ಟ್ 1996) ಇಂಗ್ಲೆಂಡಿನ ಸೈದ್ಧಾಂತಿಕ ಭೌತವಿಜ್ಞಾನಿ. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯಿಂದಲೇ ವಿದ್ಯುತ್ತನ್ನು ಹರಿಯಗೊಡದ ವಸ್ತುಗಳಿಗೆ ಇವರ ಹೆಸರಿನಿಂದ ಮಾಟ್ ಅವಾಹಕಗಳೆಂಬ ಹೆಸರು ಬಂದಿದೆ. ಫಿಲಿಪ್ ಆಂಡರ್ಸನ್ ಮತ್ತು ಜಾನ್ ವ್ಯಾನ್ ವ್ಲೆಕ್ ಅವರೊಂದಿಗೆ 1977ರ ಭೌತವಿಜ್ಞಾನದ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು.

ಜೀವನ

ಮಾಟ್ ಜನಿಸಿದ್ದು ಲೀಡ್ಸ್ ನಗರದಲ್ಲಿ. ತಂದೆ, ತಾಯಿ ಇಬ್ಬರೂ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜು ಹಾಗೂ ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವ್ಯಾಸಂಗ ನಡೆಯಿತು. 1933ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. 1954ರಿಂದ 1971ರವರೆಗೆ ಕೇಂಬ್ರಿಡ್ಜಿನಲ್ಲಿ ಕ್ಯಾವೆಂಡಿಷ್ ಪ್ರಾಧ್ಯಾಪಕರಾಗಿದ್ದರು. 1962ರಲ್ಲಿ ಸರ್ ಪದವಿ ದೊರೆಯಿತು.

ಮಾಟ್ ಅವಾಹಕ

1936ರಲ್ಲಿ ಹ್ಯಾರಿ ಜೋನ್ಸ್ ಅವರೊಡನೆ ಮಾಟ್ ಲೋಹಗಳ ಗುಣಧರ್ಮಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅದರ ಆಧಾರ ಪಟ್ಟಿ ಸಿದ್ಧಾಂತ. ಇದರಲ್ಲಿ ಪ್ರತಿ ಎಲೆಕ್ಟ್ರಾನನ್ನೂ ಉಳಿದವುಗಳ ಗೊಡವೆಯಿಲ್ಲದೆ ಚಲಿಸುವಂತೆ ಪರಿಗಣಿಸಲಾಗುತ್ತದೆ. ಶಕ್ತಿಪಟ್ಟಿ ಅರೆ ತುಂಬಿದ್ದರೆ ವಸ್ತು ವಾಹಕವಾಗಬೇಕು. ಮರುವರ್ಷವೇ ಬ್ರಿಸ್ಟಲ್‌ನಲ್ಲಿ, ಅಂದರೆ ಮಾಟ್ ಅವರ ಮನೆಯಂಗಳದಲ್ಲೇ ನಡೆದ ಸಮ್ಮೇಳನದಲ್ಲಿ ಫಿಲಿಪ್ಸ್ ಸಂಸ್ಥೆಯ ಡಿ ಬೋರ್ ಮತ್ತು ವೆರ್ವೆ ಈ ನಿಯಮಕ್ಕೆ ಎದುರಾದ ಉದಾಹರಣೆಗಳನ್ನು ಮುಂದಿಟ್ಟರು. ನಿಕಲ್ ಆಕ್ಸೈಡ್ ಲೆಕ್ಕದ ಪ್ರಕಾರ ವಾಹಕ. ಕೈಯಲ್ಲಿರುವ ಹಸಿರು ಹರಳು ಮಾತ್ರ ಉತ್ತಮ ಅವಾಹಕ. ಎಲೆಕ್ಟ್ರಾನುಗಳ ನಡುವಣ ವಿಕರ್ಷಣೆಯೇ ಇದಕ್ಕೆ ಕಾರಣವಿರಬೇಕೆಂದು ರುಡಾಲ್ಫ್ ಪೈಯರ್ಲ್ಸ್ ಸೂಚಿಸಿದರು. ಮಾಟ್ ತಮ್ಮ ಗ್ರಂಥದ ಸಮರ್ಥನೆಗೆ ಇಳಿಯದೆ ಆ ಸೂಚನೆಯನ್ನೇ ಹಿಡಿದರು.

1949ರ ಪ್ರಬಂಧದಲ್ಲಿ ವಿಚಾರ ಸ್ಪಷ್ಟ ರೂಪ ಪಡೆಯಿತು. ಪ್ರತಿ ಪರಮಾಣುವಿನಲ್ಲಿ ಒಂದೊಂದು ಎಲೆಕ್ಟ್ರಾನ್ ಇದ್ದಾಗ, ಒಂದು ಚಲಿಸಬೇಕಾದರೆ ಇನ್ನೊಂದರ ನೆಲೆಯನ್ನೇ ಹೊಗಬೇಕು. ಅದಕ್ಕೆ ತಗಲುವ ಶಕ್ತಿ ಹೆಚ್ಚಾದರೆ ಎಲ್ಲವೂ ಇದ್ದಲ್ಲೇ ಉಳಿಯುತ್ತವೆ. ಪರಮಾಣುಗಳು ಸಾಕಷ್ಟು ಹತ್ತಿರವಾದರೆ ವಸ್ತು ಲೋಹವಾಗುತ್ತದೆ.

ಇಕ್ಕಟ್ಟಿನ ಜಾಲಕಗಳು

ನಿಂತ ಎಲೆಕ್ಟ್ರಾನುಗಳಿಗೂ ಸ್ಪಿನ್ ಇರುತ್ತದೆ; ನೆರೆಯ ಸ್ಪಿನ್‌ಗಳು ಸಾಮಾನ್ಯವಾಗಿ ವಿರುದ್ಧ ದಿಕ್ಕನ್ನು ಬಯಸುತ್ತವೆ. ಚೌಕ ಜಾಲಕದಲ್ಲಿ ಇದು ಸಾಧ್ಯ. ತ್ರಿಕೋನದಲ್ಲಿ ಎರಡು ಹೊಂದಿಕೊಂಡರೂ ಮೂರನೆಯದು ಇಕ್ಕಟ್ಟಿಗೆ ಸಿಲುಕುತ್ತದೆ. ಇಂಥಲ್ಲಿ ಸ್ಪಿನ್‌ಗಳು ನಿರಪೇಕ್ಷ ಶೂನ್ಯದಲ್ಲೂ ಹೆಪ್ಪುಗಟ್ಟದೆ ದ್ರವದಂತೆ ಇರಬಹುದೆಂದು 1973ರಲ್ಲಿ ಆಂಡರ್ಸನ್ ಸೂಚಿಸಿದರು. ಅವರು ಆರಿಸಿಕೊಂಡ ಸರಳ ಮಾದರಿಯಲ್ಲಿ ಸ್ಪಿನ್‌ಗಳು ಪರಸ್ಪರ 120 ಡಿಗ್ರಿ ಕೋನದಲ್ಲಿ ನೆಲೆಗೊಳ್ಳುತ್ತವೆಂದು ಮುಂದೆ ತಿಳಿದುಬಂದರೂ, ಅಂಥ ದ್ರವಸ್ಥಿತಿಯ ಹುಡುಕಾಟ ಇತರ ಮಾಟ್ ಅವಾಹಕಗಳಲ್ಲಿ ಮುಂದುವರಿದಿದೆ.

ಕರ್ನಾಟಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಆಕ್ಸೈಡುಗಳ ಲೋಹ–ಅವಾಹಕ ಪರಿವರ್ತನೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಪಿ. ಪಿ. ಎಡ್ವರ್ಡ್ಸ್ ಅವರೊಡನೆ ಈ ವಿಷಯದ ಗ್ರಂಥವೊಂದನ್ನು 1985ರಲ್ಲಿ ಸಂಪಾದಿಸಿದರು.

ಕೊನೆಯ ವರ್ಷಗಳು

ನಿವೃತ್ತಿಯ ಬಳಿಕವೂ ಮಾಟ್ ಅಸ್ಫಟಿಕ ಅರೆವಾಹಕಗಳನ್ನು ಕುರಿತು ಬರೆಯುತ್ತಲೇ ಇದ್ದರು. ಎಂಬತ್ತು ದಾಟಿದ ಮೇಲೆ ಅಧಿಕ ತಾಪದ ಅತಿವಾಹಕಗಳತ್ತ ಹೊರಳಿದರು. 1996ರಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ನಿಧನರಾದರು.