ಕಾರಿನ ಸೆಲ್ಫ್ ತಂದ ಮನುಷ್ಯ: ಬ್ಯಾಟರಿ ಬದಲಿಸುವ ಮುನ್ನ ಕೆಟರಿಂಗ್ ಕಥೆ ಓದಿ

ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಎಂದು ಒಂದೇ ಸದ್ದು, ಆಮೇಲೆ ಮೌನ. ಮಧ್ಯಾಹ್ನ ಅದೇ ಕಾರು ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಎರಡು ದಿನ ಬಿಟ್ಟು, ದಾರಿ ಮಧ್ಯೆ ಡ್ಯಾಶ್‌ಬೋರ್ಡ್ ಪೂರ್ತಿ ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಇಂಥ ತೊಂದರೆಗೆ ವಾಟ್ಸಾಪ್ ಗುಂಪಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಮೇಲೂ ವಾರದೊಳಗೆ ಅದೇ ಟಕ್ ಸದ್ದು ಕೇಳಿಸುವುದುಂಟು.

ಇದನ್ನು ನಾವು ಸೆಲ್ಫ್ ತಗೊಳ್ತಿಲ್ಲ ಅನ್ನುತ್ತೇವೆ. ಈ ಸೆಲ್ಫ್ ಅನ್ನುವ ಪದ ಬಂದದ್ದು ಸೆಲ್ಫ್ ಸ್ಟಾರ್ಟರ್‌ನಿಂದ. ಅದನ್ನು ದಿನಬಳಕೆಗೆ ತಂದವರು ಅಮೆರಿಕದ ಚಾರ್ಲ್ಸ್ ಎಫ್. ಕೆಟರಿಂಗ್. ಅವರ ಬದುಕನ್ನು ತಿಳಿದುಕೊಂಡರೆ ಕಾರು ಹೀಗೇಕೆ ಆಟ ಆಡಿಸುತ್ತದೆ ಎಂಬುದೂ ಅರ್ಥವಾಗುತ್ತದೆ.

ಕಣ್ಣು ಸಾಲದ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಒಹಾಯೊ ರಾಜ್ಯದ ಲೌಡನ್‌ವಿಲ್ ಬಳಿಯ ಒಂದು ರೈತ ಕುಟುಂಬದಲ್ಲಿ. ಚಿಕ್ಕಂದಿನಿಂದಲೇ ಕಣ್ಣಿನ ದೋಷ. ಹೆಚ್ಚು ಓದಿದರೆ ತಲೆನೋವು. ಕೆಲವು ಕಾಲ ಶಾಲಾ ಮೇಷ್ಟ್ರಾಗಿದ್ದು ಆಮೇಲೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಆದರೆ ಕಣ್ಣಿನ ತೊಂದರೆಯಿಂದ ಓದನ್ನು ನಡುವೆಯೇ ಬಿಡಬೇಕಾಯಿತು.

ಆಗ ಹೊಟ್ಟೆಪಾಡಿಗೆ ಹಿಡಿದದ್ದು ಟೆಲಿಫೋನ್ ಲೈನ್ ಎಳೆಯುವ ಕೆಲಸ. ವಿದ್ಯುತ್ತಿನ ಮೇಲೆ ಅವರಿಗೆ ಒಲವು ಬೆಳೆದದ್ದು ಆ ಕಂಬ, ತಂತಿಗಳ ನಡುವೆ. ಮತ್ತೆ ಕಾಲೇಜಿಗೆ ಮರಳಿ, ಗೆಳೆಯರಿಂದ ಪಾಠ ಓದಿಸಿಕೊಂಡು, 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಆಗ ಅವರಿಗೆ ಸುಮಾರು 28 ವರ್ಷ.

ಅಂಗಡಿಯ ಗಲ್ಲಾಪೆಟ್ಟಿಗೆ ಕಲಿಸಿದ ಪಾಠ

ಪದವಿ ಮುಗಿದ ಮೇಲೆ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಸೇರಿದರು. ಅಂಗಡಿಗಳಲ್ಲಿ ಹಣ ಇಡುವ ಲೆಕ್ಕದ ಯಂತ್ರವನ್ನು ಆಗ ಕೈಯಿಂದ ಹಿಡಿ ತಿರುಗಿಸಿ ನಡೆಸಬೇಕಿತ್ತು. ಅದಕ್ಕೆ ವಿದ್ಯುತ್ ಮೋಟಾರು ಕೂರಿಸುವ ಕೆಲಸ ಕೆಟರಿಂಗ್ ಅವರಿಗೆ ಬಂತು. ಡ್ರಾಯರ್ ತೆರೆಯಲು ಒಂದು ಕ್ಷಣ ಬಲ ಬೇಕು, ಆಮೇಲೆ ಮೋಟಾರಿಗೆ ವಿಶ್ರಾಂತಿ. ಹೀಗೆ ಒಂದೆರಡು ಕ್ಷಣ ಮಾತ್ರ ದುಡಿಯುವ ಮೋಟಾರು ಚಿಕ್ಕದಾಗಿದ್ದರೂ ನಡೆಯುತ್ತದೆ. ಅದರ ಶಕ್ತಿಗೆ ಮೀರಿದ ಹೊರೆ ಹೊರಿಸಿದರೂ ಸುಟ್ಟುಹೋಗುವಷ್ಟು ಬಿಸಿಯಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ.

1909ರಲ್ಲಿ ಅವರು ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೆಲ್ಕೊ ಎಂಬ ಸ್ವಂತ ಕಂಪನಿ ಕಟ್ಟಿದರು. ಕೆಲಸ ಶುರುವಾದದ್ದು ಡೀಡ್ಸ್ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ. ಮೊದಲು ಮಾಡಿದ್ದು ಬ್ಯಾಟರಿಯಿಂದ ಕಿಡಿ ಹಾರಿಸುವ ಇಗ್ನಿಷನ್ ವ್ಯವಸ್ಥೆ. ಅದನ್ನು ಕೊಂಡದ್ದು ಕ್ಯಾಡಿಲಾಕ್ ಕಂಪನಿ.

ಒಂದು ಹಳೆಯ ಫಾರ್ವರ್ಡ್

ಇಲ್ಲಿ ಒಂದು ಕಥೆ ತಪ್ಪದೆ ಬರುತ್ತದೆ. 1910ರ ಚಳಿಗಾಲ, ಡೆಟ್ರಾಯ್ಟ್‌ನ ಸೇತುವೆಯೊಂದರ ಮೇಲೆ ಮಹಿಳೆಯೊಬ್ಬರ ಕಾರು ನಿಂತುಹೋಗಿತ್ತು. ನೆರವಿಗೆ ಬಂದ ಕಾರು ತಯಾರಕ ಬೈರನ್ ಕಾರ್ಟರ್ ಹ್ಯಾಂಡಲ್ ಹೊಡೆದಾಗ ಅದು ಹಿಂದಕ್ಕೆ ಚಿಮ್ಮಿ ದವಡೆ ಮುರಿಯಿತು, ಅದರಿಂದಲೇ ಅವರು ಸತ್ತರು. ನೊಂದ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೀಲಂಡ್ ಹ್ಯಾಂಡಲನ್ನೇ ತೊಲಗಿಸುವ ಪಣ ತೊಟ್ಟರು. ಹೀಗೆ ಸಾಗುತ್ತದೆ ಕಥೆ.

ಆದರೆ ಕಾರ್ಟರ್ ತೀರಿಕೊಂಡದ್ದು 1908ರಲ್ಲಿ. ಹಾಗಾಗಿ 1910ರ ಸೇತುವೆಯ ಕಥೆ ಇಸವಿಗೇ ಹೊಂದುವುದಿಲ್ಲ. ಇದರಲ್ಲಿ ನಿಜವಾದ ಭಾಗ ಒಂದಿದೆ: ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟು, ತೋಳು ಮುರಿಯುವುದು ಆಗ ಮಾಮೂಲಿಯಾಗಿತ್ತು. ಇನ್ನೊಂದು ಮಾತು. ವಿದ್ಯುತ್ ಸ್ಟಾರ್ಟರ್ ಯೋಚನೆ ಕೆಟರಿಂಗ್ ಅವರಿಗೇ ಮೊದಲು ಹೊಳೆದದ್ದಲ್ಲ. ಕ್ಲೈಡ್ ಕೋಲ್ಮನ್ ಎಂಬವರಿಗೆ 1903ರಲ್ಲೇ ಅದರ ಪೇಟೆಂಟ್ ಸಿಕ್ಕಿತ್ತು. ಕೆಟರಿಂಗ್ ಮಾಡಿದ್ದು ಅದನ್ನು ರಸ್ತೆಯ ಮೇಲೆ ದಿನವೂ ನಡೆಯುವಂತೆ ಮಾಡಿದ್ದು.

ಒಂದು ಸುತ್ತು

ಎಂಜಿನ್ ತಿರುಗಿಸುವಷ್ಟು ಬಲದ ಮೋಟಾರು, ಬ್ಯಾಟರಿ ಹಾಕಿದರೆ ಕಾರಿನಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯದು ಎಂಬುದು ಅಂದಿನ ಹಲವು ಪರಿಣತರ ಲೆಕ್ಕ. ಮೋಟಾರು ಇಡೀ ದಿನ ತಿರುಗುವುದಾದರೆ ಆ ಲೆಕ್ಕ ಸರಿ. ಕೆಟರಿಂಗ್ ಗಲ್ಲಾಪೆಟ್ಟಿಗೆಯ ಪಾಠ ನೆನೆದರು. ಸ್ಟಾರ್ಟರ್ ದುಡಿಯಬೇಕಾದದ್ದು ಕೆಲವೇ ಸೆಕೆಂಡು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಂಜಿನ್ ಓಡತೊಡಗಿದ ಮೇಲೆ ಅದೇ ಮೋಟಾರು ಡೈನಮೊ ಆಗಿ ಬ್ಯಾಟರಿ ಚಾರ್ಜ್ ಮಾಡುವಂತೆ ಜೋಡಿಸಿದರು. ದೀಪಗಳಿಗೂ, ಕಿಡಿಗೂ ವಿದ್ಯುತ್ ಅಲ್ಲಿಂದಲೇ. 1912ರ ಮಾದರಿಯ ಕ್ಯಾಡಿಲಾಕ್ ಈ ವ್ಯವಸ್ಥೆಯೊಂದಿಗೆ ಮಾರುಕಟ್ಟೆಗೆ ಬಂತು. ಪೇಟೆಂಟ್ ಕೈಗೆ ಬಂದದ್ದು 1915ರಲ್ಲಿ. ಇಂದಿನ ಕಾರಿನಲ್ಲಿ ಸ್ಟಾರ್ಟರ್ ಬೇರೆ, ಆಲ್ಟರ್ನೇಟರ್ ಬೇರೆ. ಆದರೆ ಸುತ್ತು ಅದೇ: ಬ್ಯಾಟರಿ ಸ್ಟಾರ್ಟರನ್ನು ತಿರುಗಿಸುತ್ತದೆ, ಸ್ಟಾರ್ಟರ್ ಎಂಜಿನ್ನನ್ನು, ಎಂಜಿನ್ ಆಲ್ಟರ್ನೇಟರನ್ನು, ಆಲ್ಟರ್ನೇಟರ್ ಮತ್ತೆ ಬ್ಯಾಟರಿಯನ್ನು ತುಂಬುತ್ತದೆ. ಈ ಸುತ್ತಿನಲ್ಲಿ ಎಲ್ಲಿ ತುಂಡಾದರೂ ನಮಗೆ ಕಾಣುವುದು ಒಂದೇ ಲಕ್ಷಣ, ಬ್ಯಾಟರಿ ಸತ್ತ ಹಾಗೆ.

ಲೈಟ್ ಉರಿಯುತ್ತದೆ, ಸೆಲ್ಫ್ ತಗೊಳ್ಳದು, ಯಾಕೆ?

ಎರಡು ಹೆಡ್‌ಲೈಟ್‌ಗಳು ಸುಮಾರು 10 ಆಂಪಿಯರ್ ಎಳೆಯುತ್ತವೆ. ಚಿಕ್ಕ ಪೆಟ್ರೋಲ್ ಕಾರಿನ ಸ್ಟಾರ್ಟರ್ 100ರಿಂದ 200 ಆಂಪಿಯರ್ ಎಳೆಯಬಹುದು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿ ಅಥವಾ ಅರ್ತ್ ವೈರ್ ಸಡಿಲವಾಗಿ ಬರೀ 0.05 ಓಮ್ ತಡೆ ಉಂಟಾಗಿದೆ ಅಂದುಕೊಳ್ಳಿ. ಹೆಡ್‌ಲೈಟ್ ಹಾಕಿದಾಗ ಅಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್. ದೀಪ ಚೆನ್ನಾಗಿಯೇ ಉರಿಯುತ್ತದೆ. 150 ಆಂಪಿಯರ್ ಹರಿಯಬೇಕಾದರೆ ಅಲ್ಲೇ ಏಳೂವರೆ ವೋಲ್ಟ್ ಕಳೆದುಹೋಗಬೇಕು. 12ರಲ್ಲಿ ಉಳಿಯುವುದು ಐದಕ್ಕಿಂತ ಕಡಿಮೆ, ಅದರಲ್ಲಿ ಸ್ಟಾರ್ಟರ್ ತಿರುಗುವುದಿಲ್ಲ. ಬಿಸಿ, ತಂಪು, ಗುಂಡಿಯ ಕುಲುಕಾಟಕ್ಕೆ ಆ ಜೋಡಣೆ ಒಮ್ಮೆ ಕೂಡುತ್ತದೆ, ಒಮ್ಮೆ ಬಿಡುತ್ತದೆ. ಬೆಳಿಗ್ಗೆ ಕೈಕೊಟ್ಟ ಕಾರು ಮಧ್ಯಾಹ್ನ ಸ್ಟಾರ್ಟ್ ಆಗುವುದರ ಗುಟ್ಟು ಹೆಚ್ಚಾಗಿ ಇಷ್ಟೇ.

ಆದ್ದರಿಂದ ಮೊದಲು ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ ಎಂದರ್ಥ, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು, ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತರೆ ಅನುಮಾನ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್, ವೈರಿಂಗ್ ಮೇಲೆ. ಮೀಟರ್ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಿ. ದೀಪ ಪೂರ್ತಿ ಮಂಕಾದರೆ ಬ್ಯಾಟರಿ ದುರ್ಬಲ ಅಥವಾ ಟರ್ಮಿನಲ್ ಜೋಡಣೆ ಕೆಟ್ಟಿದೆ. ದೀಪ ಮಂಕಾಗದೆ ಸೆಲ್ಫ್ ಮಾತ್ರ ಸುಮ್ಮನಿದ್ದರೆ ಸ್ಟಾರ್ಟರ್, ಅದರ ಸಾಲೆನಾಯ್ಡ್, ರಿಲೇ, ಇಗ್ನಿಷನ್ ಸ್ವಿಚ್ ಅಥವಾ ಅವುಗಳ ವೈರಿಂಗ್ ಪರೀಕ್ಷಿಸಬೇಕು.

ಎರಡು ತಪ್ಪು ಸಲಹೆಗಳಿಂದ ದೂರವಿರಿ. ಓಡುತ್ತಿರುವ ಎಂಜಿನ್‌ನಲ್ಲಿ ಬ್ಯಾಟರಿ ವೈರ್ ಕಿತ್ತು ಡೈನಮೊ ಪರೀಕ್ಷಿಸುವ ಹಳೆಯ ಉಪಾಯ ಇಂದಿನ ಕಾರಿಗೆ ಅಪಾಯ. ವೋಲ್ಟೇಜ್ ಒಮ್ಮೆಲೇ ಏರಿ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು. ಇನ್ನು ಸ್ಟಾರ್ಟ್ ಆಗುವವರೆಗೂ ಬಿಡದೆ ಸೆಲ್ಫ್ ಹೊಡೆಯುವುದು. ಸ್ಟಾರ್ಟರ್ ಇರುವುದೇ ಕೆಲವು ಸೆಕೆಂಡಿನ ದುಡಿಮೆಗೆ, ಆದ್ದರಿಂದ 10 ಸೆಕೆಂಡು ಮೀರದೆ ನಿಲ್ಲಿಸಿ ಬಿಡುವು ಕೊಡಿ. ಟರ್ಮಿನಲ್ ಸ್ವಚ್ಛ ಮಾಡುವುದಾದರೆ ಎಂಜಿನ್ ಆಫ್ ಮಾಡಿ, ಮೊದಲು ನೆಗೆಟಿವ್ ವೈರ್ ಬಿಚ್ಚಿ, ಕೊನೆಗೆ ಅದನ್ನೇ ಜೋಡಿಸಿ.

ತಪ್ಪು ಯಾರದೋ, ಬೈಗುಳ ಯಾರಿಗೋ

ಕೆಟರಿಂಗ್ ಅವರಿಗೂ ಇಂಥದೇ ಆರೋಪ ಎದುರಾಯಿತು. ಎಂಜಿನ್‌ಗಳು ಟಕಟಕ ಎಂದು ನಾಕಿಂಗ್ ಸದ್ದು ಮಾಡಿದಾಗ, ಇದಕ್ಕೆಲ್ಲ ಅವರ ಬ್ಯಾಟರಿ ಇಗ್ನಿಷನ್ನೇ ಕಾರಣ ಎಂದು ಹಲವರು ದೂರಿದರು. ಅವರು ಸಹಾಯಕ ಥಾಮಸ್ ಮಿಜ್ಲಿ ಜೊತೆ ಪರೀಕ್ಷೆ ನಡೆಸಿ, ತಪ್ಪು ಕಿಡಿಯದಲ್ಲ, ಇಂಧನ ಉರಿಯುವ ರೀತಿಯದು ಎಂದು ತೋರಿಸಿದರು.

ಕಾರಣ ಸರಿಯಾಗಿ ಹಿಡಿದರು, ಆದರೆ ಮದ್ದು ವಿಷವಾಯಿತು. 1921ರಲ್ಲಿ ಮಿಜ್ಲಿ ಕಂಡುಹಿಡಿದದ್ದು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ. ಸೀಸ ವಿಷ ಎಂಬುದು ಆಗಲೇ ಗೊತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಐವರು ಕಾರ್ಮಿಕರು ಅದರಿಂದ ಸತ್ತರು. ಅದನ್ನು ಮಾರಲು ಕಟ್ಟಿದ ಈಥೈಲ್ ಕಂಪನಿಯ ಮೊದಲ ಅಧ್ಯಕ್ಷರು ಕೆಟರಿಂಗ್ ಅವರೇ. ಸಾವುಗಳ ನಂತರವೂ ಕಂಪನಿ ಹಿಂದೆ ಸರಿಯಲಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ, ಜಗತ್ತಿನ ಕೊನೆಯ ಬಂಕ್‌ಗಳಲ್ಲಿ 2021ರಲ್ಲಿ. ಅಷ್ಟರಲ್ಲಿ ಹಲವು ತಲೆಮಾರುಗಳ ಮಕ್ಕಳು ಆ ಹೊಗೆ ಉಸಿರಾಡಿದ್ದರು.

ಅವರು 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಹೆಸರಲ್ಲಿ 180ಕ್ಕೂ ಹೆಚ್ಚು ಪೇಟೆಂಟ್. ಸೋಲೂ ಇತ್ತು: 1923ರ ಅವರ ಗಾಳಿಯಿಂದ ತಂಪಾಗುವ ಷೆವರ್ಲೆ ಕಾರನ್ನು ಕಂಪನಿ ಮಾರುಕಟ್ಟೆಯಿಂದ ವಾಪಸು ಪಡೆಯಿತು. ನ್ಯೂಯಾರ್ಕ್‌ನ ಹೆಸರಾಂತ ಕ್ಯಾನ್ಸರ್ ಕೇಂದ್ರ ಸ್ಲೋನ್ ಕೆಟರಿಂಗ್‌ನಲ್ಲಿರುವುದು ಅವರದೇ ಹೆಸರು. 1958ರ ನವೆಂಬರ್ 25ರಂದು ಅವರು ಡೇಟನ್‌ನಲ್ಲಿ ತೀರಿಕೊಂಡರು.

ಮುಂದಿನ ಸಲ ಕಾರು ಟಕ್ ಎಂದು ಸುಮ್ಮನಾದರೆ ಬ್ಯಾಟರಿ ಅಂಗಡಿಗೆ ಫೋನ್ ಮಾಡುವ ಮುನ್ನ ಬಾನೆಟ್ ಎತ್ತಿ ಟರ್ಮಿನಲ್ ನೋಡಿ, ವೋಲ್ಟ್ ಅಳೆಯಿರಿ. ಬ್ಯಾಟರಿಯೇ ಹೋಗಿದ್ದರೆ ಬದಲಿಸಿ, ತಪ್ಪಿಲ್ಲ. ಆದರೆ ಅದು ಹೋಗಿದೆ ಎಂದು ಹೇಳಬೇಕಾದದ್ದು ಮೀಟರ್, ಫಾರ್ವರ್ಡ್ ಅಲ್ಲ.