ಸಹಕಾರಿ ಪಿತಾಮಹ ಮೊಳಹಳ್ಳಿ ಶಿವರಾಯರು ಮತ್ತು ನಮ್ಮ ಗೋದಾಮಿನ ಅಕ್ಕಿ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಯಾರನ್ನು ಮೊದಲು ಸ್ಮರಿಸಬೇಕು ಎಂಬ ಬಗ್ಗೆ ಸ್ಮರಣ ಸಂಚಿಕೆಯ ಸಮಿತಿಯಲ್ಲಿ ಹೆಚ್ಚು ಚರ್ಚೆ ಆಗಲಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಸಹಕಾರಿ ಸಂಘ ಅಂದ ಕೂಡಲೇ ನೆನಪಾಗುವ ಹೆಸರು ದಿವಂಗತ ಮೊಳಹಳ್ಳಿ ಶಿವರಾಯರದು. ನಮ್ಮ ಕಚೇರಿಯ ಗೋಡೆಯಲ್ಲಿ ಅವರ ಭಾವಚಿತ್ರ ಉಂಟು. ವರ್ಷಕ್ಕೊಮ್ಮೆ ನವೆಂಬರದ ಸಹಕಾರ ಸಪ್ತಾಹದಲ್ಲಿ ಅದಕ್ಕೆ ಹಾರ ಹಾಕುತ್ತೇವೆ. ಆದರೆ ಹಾರ ಹಾಕುವ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಕೆಲಸದ ಅರ್ಥ ಗೊತ್ತುಂಟು? ಈ ಪ್ರಶ್ನೆ ನಮಗೆ ನಾವೇ ಹಾಕಿಕೊಳ್ಳುವಂಥದ್ದು.

ಶಿವರಾಯರು ಹುಟ್ಟಿದ್ದು 1880ರ ಆಗಸ್ಟ್ 4ರಂದು. ಅಂದರೆ ನಮ್ಮ ತುಳುನಾಡಿನ ಲೆಕ್ಕದಲ್ಲಿ ಆಟಿ ತಿಂಗಳು. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಖಾಲಿಯಾದ ಅಕ್ಕಿ ಡಬ್ಬಿ. ಕೆಸುವಿನ ಎಲೆ, ಕಣಿಲೆ, ಹಲಸಿನ ಬೀಜಗಳಲ್ಲಿ ಹೊಟ್ಟೆ ತುಂಬಿಸಿಕೊಂಡ ಕಾಲವದು. ಇವತ್ತು ಮಂಗಳೂರಿನ ಸಭಾಂಗಣಗಳಲ್ಲಿ ಆಟಿಡೊಂಜಿ ದಿನ ಅಂತ ನಾವು ಅದೇ ತಿನಿಸುಗಳನ್ನು ಸಂಭ್ರಮದಿಂದ ಉಣ್ಣುತ್ತೇವೆ. ನಮ್ಮ ಅಜ್ಜಿಯಂದಿರು ಉಂಡದ್ದು ಬೇರೆ ದಾರಿ ಇಲ್ಲದೆ.

ಆಗ ಅಕ್ಕಿಯೇ ಇರಲಿಲ್ಲವೇ? ಇತ್ತು. ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುವ ಗದ್ದೆಗಳು ನಮ್ಮಲ್ಲಿದ್ದವು. ಬೆಳೆದ ಒಕ್ಕಲಿನವನು ಮುಡಿ ಲೆಕ್ಕದಲ್ಲಿ ಧಣಿಗೆ ಗೇಣಿ ಅಳೆಯಬೇಕಿತ್ತು. ಒಂದು ಮುಡಿ ಅಂದರೆ ಸಾಮಾನ್ಯವಾಗಿ 42 ಸೇರು. ಉಳಿದದ್ದರಲ್ಲಿ ಹಳೇ ಸಾಲ ತೀರಿಸಲು ಕೊಯ್ಲಿನ ಕಾಲದಲ್ಲೇ ಸಿಕ್ಕಿದ ರೇಟಿಗೆ ಮಾರಿ, ಆಟಿ ಬಂದಾಗ ಅದೇ ಅಕ್ಕಿಯನ್ನು ಹೆಚ್ಚು ಕ್ರಯಕ್ಕೆ ಸಾಲವಾಗಿ ತರಬೇಕಿತ್ತು. ಧಣಿಗಳ ಮನೆಯ ಪತ್ತಾಯದಲ್ಲಿ ಭತ್ತ, ಗದ್ದೆಯಲ್ಲಿ ನೇಜಿ ನೆಟ್ಟವಳ ಮನೆಯಲ್ಲಿ ಗಂಜಿಗೂ ಗತಿಯಿಲ್ಲ.

ಶಿವರಾಯರು ಪುತ್ತೂರಿನಲ್ಲಿ ವಕೀಲರಾಗಿದ್ದರು. ಸಾಲದಲ್ಲಿ ಮುಳುಗಿದ ರೈತನ ಕಷ್ಟ ವಕೀಲರಿಗೆ ಗೊತ್ತಾದಷ್ಟು ಬೇರೆ ಯಾರಿಗೆ ಗೊತ್ತಾದೀತು? ಆ ಹೊತ್ತಿಗೆ 1904ರ ಸಹಕಾರಿ ಕಾನೂನು ಬಂದಾಗಿತ್ತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ್ದರು. ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಆರಂಭಿಸಿದರು. ಊರೂರಿನ ಸಣ್ಣ ಸಂಘಗಳಿಗೆ ಹಣ ಒದಗಿಸಲು ಒಂದು ತಾಯಿ ಸಂಸ್ಥೆ ಬೇಕೆಂದು ಕಂಡು 1914ರ ಹೊತ್ತಿಗೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಪುತ್ತೂರಿನಲ್ಲಿ ಹುಟ್ಟಿದ ಆ ಬ್ಯಾಂಕು ಆಮೇಲೆ ಮಂಗಳೂರಿಗೆ ಬಂತು. ಈಗ ಕೊಡಿಯಾಲಬೈಲಿನಲ್ಲಿ ಅದರ ಪ್ರಧಾನ ಕಚೇರಿ ಇರುವುದು ನಮಗೆಲ್ಲ ಗೊತ್ತೇ ಇದೆ.

ಸಹಕಾರ ಅಂದರೆ ಬರೀ ಸಾಲದ ವ್ಯವಹಾರ ಎಂದು ತಿಳಿದವರು ಅದರ ಮೂಲವನ್ನು ನೋಡಬೇಕು. ಜರ್ಮನಿಯಲ್ಲಿ 1846-47ರ ಚಳಿಗಾಲದಲ್ಲಿ ಕ್ಷಾಮ ಬಂತು. ವೈಯರ್‌ಬುಷ್ ಎಂಬ ಹಳ್ಳಿಯ ಮೇಯರ್ ಆಗಿದ್ದ ರೈಫೈಸನ್ ಎಂಬವರಿಗೆ ಸರಕಾರದ ಉಗ್ರಾಣದಿಂದ ಹಿಟ್ಟು ಸಿಕ್ಕಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಕೊಡಬೇಕೆಂಬ ಶರ್ತವೂ ಇತ್ತು. ಹಸಿದವನ ಕೈಯಲ್ಲಿ ನಗದು ಎಲ್ಲಿ? ಅವರು ಊರಿನ ಉಳ್ಳವರನ್ನು ಒಟ್ಟು ಸೇರಿಸಿ, ಬಡವರಿಗೆ ರೊಟ್ಟಿಯನ್ನು ಕಡವಾಗಿ ಕೊಡಿಸಿದರು. ಮುಂದೆ ಅವರು ಕಟ್ಟಿದ ಹಳ್ಳಿ ಬ್ಯಾಂಕುಗಳನ್ನೇ ಮದರಾಸು ಸರಕಾರದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಅಧ್ಯಯನ ಮಾಡಿ 1890ರ ದಶಕದಲ್ಲಿ ವರದಿ ಕೊಟ್ಟದ್ದು. ಆಗ ನಮ್ಮ ಜಿಲ್ಲೆಯೂ ಮದರಾಸಿಗೇ ಸೇರಿತ್ತು. ಹೀಗೆ ನೋಡಿದರೆ ನಮ್ಮ ಚಳವಳಿ ಹುಟ್ಟಿದ್ದೇ ಉಗ್ರಾಣಕ್ಕೂ ಹಸಿದ ಹೊಟ್ಟೆಗೂ ನಡುವೆ ಇದ್ದ ದೂರವನ್ನು ಕಡಿಮೆ ಮಾಡಲಿಕ್ಕೆ.

ಶಿವರಾಯರು ಮಾಡಿದ್ದೂ ಇದನ್ನೇ. ರೈತನಿಗೆ ನ್ಯಾಯವಾದ ಬಡ್ಡಿಗೆ ಸಾಲ ಸಿಕ್ಕಿದರೆ ಕೊಯ್ಲಿನ ಮರುದಿನವೇ ಬೆಳೆ ಮಾರಬೇಕಾಗಿಲ್ಲ. ಮನೆ ಖರ್ಚಿನ ಅಕ್ಕಿಯನ್ನು ಆಟಿಯವರೆಗೆ ಇಟ್ಟುಕೊಳ್ಳಬಹುದು. ಜಿಲ್ಲಾ ಬ್ಯಾಂಕಿನ ಅಧ್ಯಕ್ಷರಾಗಿ ಬಹುಕಾಲ ಅವರು ದುಡಿದರು. ಪುತ್ತೂರಿನ ತಾಲೂಕು ಬೋರ್ಡು, ಶಾಲೆ, ನಾಡಹಬ್ಬ ಎಲ್ಲದರಲ್ಲೂ ಅವರ ಕೈ ಇತ್ತು. ಶಿವರಾಮ ಕಾರಂತರಂಥವರಿಗೆ ಪುತ್ತೂರಿನಲ್ಲಿ ಅವರು ಒತ್ತಾಸೆಯಾಗಿ ನಿಂತರು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತುಹೋದಾಗ ಮದರಾಸು ಪ್ರಾಂತದಲ್ಲಿ ಪಡಿತರ ಬಂತು. ಹಂಚುವ ಕೆಲಸಕ್ಕೆ ಸಹಕಾರಿ ಸಂಘಗಳೂ ಹೆಗಲು ಕೊಟ್ಟವು. ಮುಂದೆ 1943ರಲ್ಲಿ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ನುಂಗಿತು. ಶಿವರಾಯರು 1967ರಲ್ಲಿ ತೀರಿಕೊಂಡರು. ಗೇಣಿ ಅಳೆಯುವ ಪದ್ಧತಿಯನ್ನು ತೊಲಗಿಸಿದ 1974ರ ಭೂಸುಧಾರಣೆಯನ್ನು ಅವರು ನೋಡಲಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ರಜತ ಮಹೋತ್ಸವದಲ್ಲಿ ಹೊಗಳಿಕೆ ಮಾತ್ರ ಬರೆದರೆ ಸಾಲದು. ಕೆಲವು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಗೋದಾಮಿನ ಮೂಲೆಯ ನಾಲ್ಕು ಹಂಚು ಒಡೆದದ್ದನ್ನು ನಾವು ಯಾರೂ ನೋಡಲಿಲ್ಲ. ಪಡಿತರದ ಅಕ್ಕಿ ಮೂಟೆಗಳನ್ನು ಗೋಡೆಗೆ ತಾಗಿಸಿ, ಬರೀ ನೆಲದ ಮೇಲೇ ಪೇರಿಸಿದ್ದೆವು. ಹಿಂದಿನ ತಿಂಗಳ ಮೂಟೆ ಅಡಿಯಲ್ಲಿ, ಹೊಸತು ಮೇಲೆ. ಒಂದು ದಿನ ವಾಸನೆ ಬಂದಾಗ ತೆಗೆದು ನೋಡಿದರೆ ಅಡಿಯ ಮೂಟೆಗಳು ಬೂಸ್ಟು ಹಿಡಿದು ಗಟ್ಟಿಯಾಗಿದ್ದವು. ಹೊಂಡ ತೋಡಿ ಹೂಳಿದೆವು. ಅದೇ ವಾರ ಅಂಗಡಿಗೆ ಬಂದ ಬೀಡಿ ಕಟ್ಟುವ ಅಕ್ಕ ಒಬ್ಬರನ್ನು ಸ್ಟಾಕ್ ಇಲ್ಲ, ನಾಲ್ಕು ದಿನ ಬಿಟ್ಟು ಬನ್ನಿ ಅಂತ ವಾಪಸು ಕಳಿಸಿದವರೂ ನಾವೇ. ಅವರು ಏನೂ ಹೇಳದೆ ಚೀಲ ಮಡಚಿಕೊಂಡು ಮಳೆಯಲ್ಲಿ ಹೋದರು. ಲೆಕ್ಕದ ಪುಸ್ತಕದಲ್ಲಿ ಅದು ಸಣ್ಣ ನಷ್ಟ. ಆದರೆ ಗೋಡೆಯ ಆ ಭಾವಚಿತ್ರವನ್ನು ನೋಡಲು ನಮಗೆ ಬಹಳ ದಿನ ಮುಖ ಇರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ದೇಶದ ಗೋದಾಮುಗಳಲ್ಲಿ ಧಾನ್ಯ ತುಂಬಿರುವಾಗ ಜನ ಹಸಿದಿರುವ ವಿಷಯ 2001ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೊಳೆಯಲು ಬಿಡುವ ಬದಲು ಬಡವರಿಗೆ ಪುಕ್ಕಟೆ ಹಂಚಬೇಕೆಂದು 2010ರಲ್ಲಿ ಅದೇ ನ್ಯಾಯಾಲಯ ಸರಕಾರಕ್ಕೆ ತಿಳಿಸಿತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. 2023ರಲ್ಲಿ ಕೇಂದ್ರ ಸರಕಾರ ಪ್ರಾಥಮಿಕ ಸಹಕಾರಿ ಸಂಘಗಳ ಮಟ್ಟದಲ್ಲೇ ಗೋದಾಮು ಕಟ್ಟುವ ದೊಡ್ಡ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ಧಾನ್ಯ ಕಾಯುವ ಜವಾಬ್ದಾರಿ ಸುತ್ತಿ ಬಳಸಿ ಪುನಃ ನಮ್ಮಂಥ ಹಳ್ಳಿ ಸಂಘಗಳ ಅಂಗಳಕ್ಕೇ ಬಂತು.

ಇದಕ್ಕೆ ದೊಡ್ಡ ವಿದ್ಯೆ ಬೇಡ. ನಮ್ಮ ಹಿರಿಯರು ಭತ್ತವನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಬೈಹುಲ್ಲಿನಲ್ಲಿ ಮುಡಿ ಕಟ್ಟಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲೂ ಅದು ಕೆಡದೆ ಉಳಿಯುತ್ತಿತ್ತು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಧಾನ್ಯದ ತೇವ ನೂರಕ್ಕೆ 14ಕ್ಕಿಂತ ಹೆಚ್ಚಿರಬಾರದು, ಮೂಟೆಯ ಅಡಿಗೆ ಮರದ ಹಲಗೆ ಬೇಕು, ಗೋಡೆಯಿಂದ ಅಂತರ ಬೇಕು, ಮೊದಲು ಬಂದದ್ದು ಮೊದಲು ಹೋಗಬೇಕು, ಮಳೆಗೆ ಮುಂಚೆ ಮಾಡು ನೋಡಬೇಕು. ಆ ಘಟನೆಯ ನಂತರ ನಾವು ಇಷ್ಟನ್ನು ಮಾಡಿದ್ದೇವೆ. ಪತ್ತನಾಜೆ ಕಳೆಯುವ ಮೊದಲು ನಿರ್ದೇಶಕರಲ್ಲಿ ಒಬ್ಬರು ಖುದ್ದು ಏಣಿ ಹತ್ತಿ ಹಂಚು ನೋಡುವ ಕ್ರಮ ಇಟ್ಟುಕೊಂಡಿದ್ದೇವೆ. ಆಮೇಲೆ ಒಂದು ಮೂಟೆಯೂ ಹೊಂಡಕ್ಕೆ ಹೋಗಿಲ್ಲ.

ಶಿವರಾಯರು ಬಿಟ್ಟುಹೋದ ಆಸ್ತಿ ಬ್ಯಾಂಕಿನ ಕಟ್ಟಡ ಮಾತ್ರ ಅಲ್ಲ. ಹತ್ತು ಜನರದ್ದನ್ನು ತನ್ನ ಮನೆಯದ್ದಕ್ಕಿಂತ ಜೋಪಾನವಾಗಿ ಕಾಯಬೇಕು ಎಂಬ ರೀತಿ ಅವರದ್ದು. ನಮ್ಮ ಗೋದಾಮಿನಲ್ಲಿರುವ ಪ್ರತಿ ಮೂಟೆಯೂ ಯಾರದೋ ಮನೆಯ ಆಟಿ ತಿಂಗಳ ಗಂಜಿ. ಇದನ್ನು ಮರೆಯದೆ ಸುವರ್ಣ ಮಹೋತ್ಸವದ ಕಡೆಗೆ ಹೆಜ್ಜೆ ಹಾಕೋಣ. ಆ ಮಹನೀಯರಿಗೆ ನಮ್ಮ ಸಂಘದ ಎಲ್ಲ ಸದಸ್ಯರ ಪರವಾಗಿ ಗೌರವದ ನಮನಗಳು.